ಮಲೆನಾಡಿನ ಮಳೆಗೆ ಮಡಚುವ ಸೈಕಲ್: ಆರಿಸುವುದು, ಸಜ್ಜು ಮಾಡುವುದು, ಉಳಿಸಿಕೊಳ್ಳುವುದು

ವಿನೋಬನಗರದಲ್ಲಿ ಮನೆ, ಭದ್ರಾವತಿಯಲ್ಲಿ ಕೆಲಸ. ಇಲ್ಲವೇ ಗೋಪಾಳದಲ್ಲಿ ಮನೆ, ಸಾಗರದ ಕಾಲೇಜಿನಲ್ಲಿ ಪಾಠ. ಶಿವಮೊಗ್ಗದಲ್ಲಿ ಹೀಗೆ ಓಡಾಡುವವರು ಬಹಳ. ನಡುವಿನ ದೊಡ್ಡ ದೂರವನ್ನು ಬಸ್ಸೋ ರೈಲೋ ನೋಡಿಕೊಳ್ಳುತ್ತದೆ. ಕಾಡುವುದು ಎರಡೂ ತುದಿಯ ಎರಡು ಮೂರು ಕಿಲೋಮೀಟರ್. ಬೆಳಿಗ್ಗೆ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಬೈಕು, ಅದನ್ನು ಇಡೀ ದಿನ ನಿಲ್ಲಿಸಲು ಬಾಡಿಗೆ, ಆ ತುದಿಯಲ್ಲಿ ಇಳಿದ ಮೇಲೆ ಆಟೋ. ಮಡಚುವ ಸೈಕಲ್ ಇರುವುದೇ ಈ ತುದಿಗಳಿಗಾಗಿ. ಮನೆಯಿಂದ ತುಳಿದುಕೊಂಡು ಹೋಗಿ, ಮಡಚಿ ಬಸ್ಸಿಗೆ ಹಾಕಿ, ಇಳಿದು ಬಿಚ್ಚಿ ಮತ್ತೆ ತುಳಿದರೆ ಆಯಿತು.

ನಿಮ್ಮದು ಮನೆಯಿಂದ ಕಚೇರಿಗೆ ನೇರ ಐದಾರು ಕಿಲೋಮೀಟರ್ ಆಗಿದ್ದು, ಅಲ್ಲಿ ನೆರಳಿನ ಸ್ಟ್ಯಾಂಡೂ ಇದ್ದರೆ ಮಾಮೂಲಿ ಸೈಕಲ್ಲೇ ತೆಗೆದುಕೊಳ್ಳಿ. ಅದು ಅಗ್ಗ, ಗಟ್ಟಿ, ರಸ್ತೆಯ ಗುಂಡಿಯಲ್ಲಿ ಕಡಿಮೆ ಕುಕ್ಕುತ್ತದೆ. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಇರುವವರು, ಸೈಕಲ್ಲನ್ನು ಅಂಗಡಿಯ ಒಳಗೆ ಮೇಜಿನ ಕೆಳಗೇ ಇಡಬೇಕಾದವರು, ದಿನಾ ಬಸ್ಸು ಹತ್ತುವವರು ಮಾತ್ರ ಮುಂದೆ ಓದಿ. ಮಡಚುವ ಗುಣಕ್ಕೆ ನೀವು ಹೆಚ್ಚು ಹಣವನ್ನೂ ಹೆಚ್ಚು ಆರೈಕೆಯನ್ನೂ ಕೊಡುತ್ತೀರಿ, ಅದು ದಿನವೂ ಉಪಯೋಗಕ್ಕೆ ಬರಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಈ ಸೈಕಲ್ ನಾಲ್ಕು ಮಳೆಗಾಲ ಬಾಳಬೇಕಾದರೆ ಟೈರು, ಗೇರು, ಕೀಲು ಈ ಮೂರು ಸರಿಯಿರಬೇಕು. ಜೊತೆಗೆ, ಕೆಟ್ಟರೆ ನಿಮ್ಮ ಬೀದಿಯ ಸೈಕಲ್ ಶಾಪಿನವರು ರಿಪೇರಿ ಮಾಡಿಕೊಡುವಂತಿರಬೇಕು. ಉಳಿದದ್ದೆಲ್ಲ ಆಮೇಲೆ.

ಕೊಳ್ಳುವಾಗ: ಮೊದಲು ಟೈರಿನ ಪಕ್ಕ ಓದಿ

ಮಡಚುವ ಸೈಕಲ್ಲಿನ ಚಕ್ರ ಹೆಚ್ಚಾಗಿ 16 ಇಲ್ಲವೇ 20 ಇಂಚು. ಆದರೆ ಇಂಚಿನ ಲೆಕ್ಕವನ್ನು ನಂಬಬೇಡಿ. ಟೈರಿನ ಪಕ್ಕದಲ್ಲಿ 47-406 ಎಂಬಂಥ ಸಂಖ್ಯೆ ಉಬ್ಬಾಗಿ ಅಚ್ಚಾಗಿರುತ್ತದೆ. ಮೊದಲಿನದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಈ ಎರಡನೆಯ ಸಂಖ್ಯೆಯೇ ಮುಖ್ಯ. 20 ಇಂಚು ಎಂದು ಮಾರುವ ಸೈಕಲ್ಲಿನಲ್ಲಿ 406 ಇರಬಹುದು, 451 ಕೂಡ ಇರಬಹುದು. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. 16 ಇಂಚಿನಲ್ಲೂ ಹಾಗೆಯೇ, 305 ಬೇರೆ, 349 ಬೇರೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಇರುವವರು 406ರ ಸೈಕಲ್ಲನ್ನೇ ಆರಿಸಿ. ಕಾರಣ ಸರಳ. ಮಕ್ಕಳ 20 × 1.75 ಸೈಕಲ್ಲಿಗೆ ಬರುವುದೂ ಇದೇ ಅಳತೆ. ಯಾವುದೇ ಸೈಕಲ್ ಶಾಪಿಗೆ ಹೋಗಿ "ಅಣ್ಣ, 20–1.75 ಟ್ಯೂಬು ಕೊಡಿ" ಎಂದರೆ ಸಾಕು, ಇದು ಮಡಚುವ ಸೈಕಲ್ಲು ಎಂದು ವಿವರಿಸುವ ಅಗತ್ಯವೂ ಬರುವುದಿಲ್ಲ. 451 ಅಥವಾ 349 ಆದರೆ ಪ್ರತಿ ಟೈರನ್ನೂ ಆನ್‌ಲೈನಿನಲ್ಲಿ ತರಿಸಿ ಕಾಯಬೇಕು.

ಇದರಿಂದ 16 ಇಂಚಿನವು ಕೆಟ್ಟವು ಎಂದಾಗುವುದಿಲ್ಲ. ಲಂಡನ್ನಿನಲ್ಲಿ ಆಂಡ್ರ್ಯೂ ರಿಚೀ 1970ರ ದಶಕದಲ್ಲಿ ರೂಪಿಸಿದ ಬ್ರಾಂಪ್ಟನ್ 349ರ ಚಕ್ರದ್ದು. ಮಡಚಿದರೆ ಹೆಚ್ಚುಕಡಿಮೆ 58 × 56 × 27 ಸೆಂಟಿಮೀಟರಿನೊಳಗೆ ಬರುತ್ತದೆ, ಚೈನು ಎರಡು ಚಕ್ರಗಳ ನಡುವೆ ಅಡಗುವುದರಿಂದ ಬಟ್ಟೆಗೆ ಎಣ್ಣೆ ತಾಗುವುದಿಲ್ಲ. ಮಡಚುವ ಚೆಂದ ನೋಡಿದರೆ ಅದಕ್ಕೆ ಸಾಟಿ ಕಡಿಮೆ. 20 ಇಂಚಿನ ಡಾಹೊನ್ ಕಂಪನಿಯ ಮಾದರಿಯವು ಮಡಚಿದಾಗಲೂ ಸುಮಾರು 80 × 65 × 35 ಸೆಂಟಿಮೀಟರ್ ಇರುತ್ತವೆ. ಆದರೂ ನಮ್ಮ ರಸ್ತೆಯ ಗುಂಡಿಗೆ ಚಕ್ರ ಚಿಕ್ಕದಾದಷ್ಟೂ ಆಳಕ್ಕೆ ಇಳಿಯುತ್ತದೆ, ಮೇಲೇಳುವಾಗ ಜೋರಾಗಿ ಕುಕ್ಕುತ್ತದೆ. ದಿನದ ಉಪಯೋಗಕ್ಕೆ ನನ್ನ ಮತ 20ಕ್ಕೇ.

ಅಂಗಡಿಯಲ್ಲಿ ಮಾರುವವರು ಮಡಚಿ ತೋರಿಸಿದ್ದನ್ನು ನೋಡಿ ಹಣ ಕೊಡಬೇಡಿ. ನೀವೇ ಮೂರು ನಾಲ್ಕು ಸಲ ಮಡಚಿ ಬಿಚ್ಚಿ. ಮಡಚಿದ್ದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹತ್ತು ಮೆಟ್ಟಿಲು ಹತ್ತಿ ನೋಡಿ. ಈ ಸೈಕಲ್ಲುಗಳ ತೂಕ ಸಾಮಾನ್ಯವಾಗಿ 11ರಿಂದ 14 ಕಿಲೋ. ಅಂಗಡಿಯೊಳಗೆ ಹಗುರ ಅನ್ನಿಸಿದ 13 ಕಿಲೋ ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಹಗುರ ಅನ್ನಿಸುವುದಿಲ್ಲ. ಸೀಟಿನ ಕಂಬವನ್ನು ನಿಮ್ಮ ಎತ್ತರಕ್ಕೆ ಎಳೆದಾಗ ಅದರ ಮೇಲಿನ ಮಿತಿಗೆರೆ ಪೈಪಿನೊಳಗೇ ಉಳಿಯಬೇಕು. ಗೆರೆ ಹೊರಗೆ ಕಂಡರೆ ಆ ಸೈಕಲ್ ನಿಮಗಲ್ಲ. ಸವಾರನ ತೂಕದ ಮಿತಿಯನ್ನೂ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಬರೆದಿರುತ್ತಾರೆ. ಬ್ಯಾಗಿನ ತೂಕ ಸೇರಿಸಿ ಲೆಕ್ಕ ಹಾಕಿ.

ಕೀಲು: ವಾರಕ್ಕೊಮ್ಮೆ ಕಣ್ಣು, ಕೈ ಎರಡೂ

ಮಡಚುವ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಎರಡು ಕೀಲು. ಒಂದು ಫ್ರೇಮಿನ ಮಧ್ಯೆ, ಇನ್ನೊಂದು ಹ್ಯಾಂಡಲ್ ಕಂಬದ ಬುಡದಲ್ಲಿ. ಮೊದಲನೆಯದು ನಿಮ್ಮ ಭಾರವನ್ನು ಹೊರುತ್ತದೆ, ಎರಡನೆಯದು ದಿಕ್ಕನ್ನು ಹಿಡಿಯುತ್ತದೆ. ಎರಡರಲ್ಲಿ ಯಾವುದು ಓಟದಲ್ಲಿ ಸಡಿಲವಾದರೂ ಬೀಳುವುದು ಮುಖ ಕೆಳಗಾಗಿ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಕೀಲಿನ ಲಿವರ್ ಮುಚ್ಚುವಾಗ ಅರ್ಧ ದಾರಿಯಲ್ಲಿ ಬಿಗಿ ಸಿಗಬೇಕು, ಅಲ್ಲಿಂದ ಮುಂದೆ ಅಂಗೈ ಒತ್ತಿ ಮುಚ್ಚುವಂತಿರಬೇಕು. ಒಂದು ಬೆರಳಿಗೇ ಮುಚ್ಚಿಕೊಂಡರೆ ಸಡಿಲ. ಎರಡು ಕೈ ಬೇಕಾದರೆ ಅತಿ ಬಿಗಿ, ಅದೂ ಲಿವರಿಗೆ ಕೆಟ್ಟದ್ದು. ಸರಿಮಾಡಲು ಲಿವರಿನ ಒಳಗಡೆ ಒಂದು ಚಿಕ್ಕ ಬೋಲ್ಟು ಇರುತ್ತದೆ, ಕೆಲವದರಲ್ಲಿ ಅದಕ್ಕೆ ಲಾಕ್‌ನಟ್ಟೂ ಇರುತ್ತದೆ. ಲಾಕ್‌ನಟ್ಟನ್ನು ಸಡಿಲಿಸಿ, ಬೋಲ್ಟನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಮುಚ್ಚಿ ನೋಡಿ. ಸಾಲದಿದ್ದರೆ ಮತ್ತೆ ಕಾಲು ಸುತ್ತು. ಸರಿಬಂದ ಮೇಲೆ ಲಾಕ್‌ನಟ್ಟನ್ನು ಬಿಗಿ ಮಾಡಲು ಮರೆಯಬೇಡಿ. ಲಿವರ್ ಮುಚ್ಚಿದ ಮೇಲೆ ಅದನ್ನು ಹಿಡಿದಿಡುವ ಕೊಕ್ಕೆ 'ಟಕ್' ಎಂದು ಕೂತಿತೇ ಎಂದು ಪ್ರತಿ ಸಲವೂ ನೋಡಿ. ಬಸ್ಸು ಹೊರಟಿದೆ ಎಂಬ ಅವಸರದಲ್ಲೂ ಇದನ್ನು ಬಿಡಬೇಡಿ.

ಇನ್ನೊಂದು ಪರೀಕ್ಷೆ ಇದೆ. ಸೈಕಲ್ಲಿನ ಪಕ್ಕ ನಿಂತು ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ, ಇನ್ನೊಂದು ಕೈಯ ಬೆರಳನ್ನು ಫ್ರೇಮಿನ ಕೀಲಿನ ಸಂದಿನ ಮೇಲೆ ಇಡಿ. ಅಲುಗಾಟ ಬೆರಳಿಗೆ ತಿಳಿಯುತ್ತದೆ. ಹ್ಯಾಂಡಲ್ ಕಂಬದ ಬುಡಕ್ಕೂ ಇದನ್ನೇ ಮಾಡಿ. ಬಿಗಿ ಮಾಡಿದ ಮೇಲೂ ಆಡಿದರೆ ಕೀಲಿನ ಪಿನ್ನು ಸವೆದಿದೆ ಎಂದರ್ಥ, ಆ ಕೆಲಸ ಕಂಪನಿಯ ಸರ್ವೀಸಿನವರಿಗೇ ಬಿಡಿ. ವೆಲ್ಡಿಂಗಿನ ಸುತ್ತ ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕು ಕಂಡರೆ ಆ ಕ್ಷಣವೇ ಓಡಿಸುವುದನ್ನು ನಿಲ್ಲಿಸಿ. ಗ್ಯಾರೇಜಿನಲ್ಲಿ ವೆಲ್ಡ್ ಹೊಡೆಸಿ ಮತ್ತೆ ಓಡಿಸುವ ಯೋಚನೆ ಬೇಡವೇ ಬೇಡ, ಅಲ್ಯೂಮಿನಿಯಂ ಫ್ರೇಮಿಗಂತೂ ಬೇಡ. ಕಾವು ತಾಗಿದ ಜಾಗದ ಲೋಹ ಮೊದಲಿನ ಗಟ್ಟಿತನ ಕಳೆದುಕೊಂಡಿರುತ್ತದೆ.

ಮಳೆಗಾಲದ ಕೆಂಪು ಕೆಸರು ಕೀಲಿನ ದೊಡ್ಡ ಶತ್ರು. ಒಣಗಿದ ಮೇಲೆ ಅದು ಸಣ್ಣ ಮರಳಾಗಿ ಎರಡು ಮುಖಗಳ ನಡುವೆ ಕೂತು, ಮಡಚಿದಾಗಲೆಲ್ಲ ಉಜ್ಜುತ್ತದೆ. ಮನೆಗೆ ಬಂದ ತಕ್ಷಣ ಕೀಲು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಪಿನ್ನಿಗೆ ಒಂದು ಹನಿ ಎಣ್ಣೆ ಸಾಕು. ಹೆಚ್ಚು ಹಾಕಿದರೆ ಮತ್ತಷ್ಟು ಮಣ್ಣು ಹಿಡಿಯುತ್ತದೆ. ತೊಳೆಯುವಾಗ ಮಗ್ಗಿನಲ್ಲಿ ನೀರು ಹಾಕಿ, ವಾಟರ್ ಸರ್ವೀಸಿನ ಜೋರು ಪೈಪು ಹಿಡಿಸಬೇಡಿ. ಅದು ಬೇರಿಂಗಿನ ಗ್ರೀಸನ್ನೂ ಹೊರಗೆ ಹಾಕುತ್ತದೆ.

ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚಬಾರದು, ಕೂತಾಗ ಜಾರಿ ಇಳಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿಯೇ ಇಳಿಸಿ. ನಿಮ್ಮ ಎತ್ತರ ಎಲ್ಲಿ ಎಂದು ಒಂದು ಸಲ ಗುರುತು ಹಾಕಿಕೊಂಡರೆ ದಿನಾ ಅಂದಾಜು ಮಾಡುವ ಕೆಲಸ ಉಳಿಯುತ್ತದೆ.

ಗೇರು: ಮುಂದಿನ ಹಲ್ಲುಚಕ್ರ ಚಿಕ್ಕದು ಮಾಡಿ

ಸಮತಟ್ಟಾದ ಊರಿಗೆಂದು ಮಾಡಿದ ಮಡಚುವ ಸೈಕಲ್ಲುಗಳಲ್ಲಿ ಮುಂದೆ 52 ಹಲ್ಲಿನ ಚಕ್ರ ಹಾಕಿರುತ್ತಾರೆ. ಚಿಕ್ಕ ಚಕ್ರ ಒಂದು ಸುತ್ತಿಗೆ ಕಡಿಮೆ ದೂರ ಹೋಗುತ್ತದೆ, ಅದನ್ನು ಸರಿದೂಗಿಸಲು ಈ ಏರ್ಪಾಡು. ಶಿವಮೊಗ್ಗದ ಒಳಗೆ ಇದು ನಡೆಯುತ್ತದೆ. ತೀರ್ಥಹಳ್ಳಿ, ಕೊಪ್ಪ, ಸಾಗರದ ಏರಿನಲ್ಲಿ ಬ್ಯಾಗು ಹೊತ್ತು ತುಳಿದಾಗ ಮೊಣಕಾಲಿಗೆ ಗೊತ್ತಾಗುತ್ತದೆ.

ಲೆಕ್ಕ ಹೀಗಿದೆ. 20 × 1.75 ಚಕ್ರ ಒಂದು ಸುತ್ತಿಗೆ ಸುಮಾರು 1.52 ಮೀಟರ್ ಹೋಗುತ್ತದೆ. ಮುಂದೆ 52, ಹಿಂದಿನ ದೊಡ್ಡ ಹಲ್ಲುಚಕ್ರ 28 ಆದರೆ ಪೆಡಲಿನ ಒಂದು ಸುತ್ತಿಗೆ 2.82 ಮೀಟರ್. ಮುಂದಿನದನ್ನು 44ಕ್ಕೆ ಇಳಿಸಿದರೆ 2.39 ಮೀಟರ್. ಏರಿನಲ್ಲಿ ಶೇ 15ರಷ್ಟು ಹಗುರ. ಓಟ ಕಡಿಮೆಯಾಗುತ್ತದಲ್ಲ ಎಂದರೆ, ಹಿಂದಿನ ಚಿಕ್ಕದು 14 ಇದ್ದಾಗ ನಿಮಿಷಕ್ಕೆ 80 ಸುತ್ತು ತುಳಿದರೂ ಗಂಟೆಗೆ 23 ಕಿಲೋಮೀಟರ್ ಹತ್ತಿರ ಬರುತ್ತದೆ. ಬಿ.ಎಚ್. ರಸ್ತೆಯ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಜೋರು ಹೋಗಲು ಜಾಗವೂ ಇರುವುದಿಲ್ಲ.

ಹಿಂದಿನ ಹಲ್ಲುಚಕ್ರವನ್ನೇ 34ಕ್ಕೆ ಏರಿಸಬಹುದು ಎಂದು ಕೆಲವರು ಹೇಳುತ್ತಾರೆ. ಆಗ ಉದ್ದ ಕೈಯ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬೇಕಾಗುತ್ತದೆ. ಚಿಕ್ಕ ಚಕ್ರದಲ್ಲಿ ಅದು ನೆಲಕ್ಕೆ ತೀರಾ ಹತ್ತಿರ ಬಂದು ಕೆಸರು, ಹುಲ್ಲು, ಕಡ್ಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ನಮ್ಮ ಕಡೆಗೆ ಮುಂದಿನದನ್ನು ಚಿಕ್ಕದು ಮಾಡುವುದೇ ಸರಿ.

ಬದಲಿಸುವ ಮೊದಲು ಮುಂದಿನ ಹಲ್ಲುಚಕ್ರ ಕ್ರ್ಯಾಂಕಿಗೆ, ಅಂದರೆ ಪೆಡಲ್ ಕೂಡಿಸಿರುವ ತೋಳಿಗೆ, ಬೋಲ್ಟಿನಿಂದ ಕೂತಿದೆಯೇ, ರಿವೆಟ್ ಹೊಡೆದಿದೆಯೇ ನೋಡಿ. ಬೋಲ್ಟು ಆದರೆ ಅದೇ ಅಳತೆಯ ರಂಧ್ರವಿರುವ 44 ಹಲ್ಲಿನದು ತರಿಸಿ ಹಾಕಬಹುದು. ರಿವೆಟ್ ಆದರೆ ಇಡೀ ಕ್ರ್ಯಾಂಕ್ ಬದಲಿಸಬೇಕು, ಅದನ್ನು ಕೀಳಲು ಪುಲ್ಲರ್ ಎಂಬ ಉಪಕರಣ ಬೇಕು. ಸುತ್ತಿಗೆಯಲ್ಲಿ ಹೊಡೆದು ತೆಗೆಯಲು ಬಿಡಬೇಡಿ. 52ರಿಂದ 44ಕ್ಕೆ ಬಂದರೆ ಚೈನಿನಲ್ಲಿ ನಾಲ್ಕು ಕೊಂಡಿ ಕಡಿಮೆ ಮಾಡಬೇಕಾಗುತ್ತದೆ. ಚೈನು ಜಾರದಂತೆ ತಡೆಯುವ ಗಾರ್ಡ್ ಇದ್ದರೆ ಅದನ್ನೂ ಕೆಳಗಿಳಿಸಬೇಕು.

ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಗೇರು ಇರುವ ಮೂರು ಸ್ಪೀಡಿನವೂ ಇವೆ, ಸ್ಟರ್ಮಿ ಆರ್ಚರ್, ಶಿಮಾನೋ ನೆಕ್ಸಸ್ ಇತ್ಯಾದಿ. ಎಲ್ಲ ಒಳಗೇ ಇರುವುದರಿಂದ ಕೆಸರಿಗೆ ಹೆದರುವುದಿಲ್ಲ, ನಿಂತಲ್ಲೇ ಗೇರು ಬದಲಿಸಬಹುದು. ಆದರೆ ಒಳಗೆ ಕೆಟ್ಟರೆ ಬಿಚ್ಚಿ ಕೂಡಿಸುವವರನ್ನು ಊರಿನಲ್ಲಿ ಹುಡುಕಬೇಕು. ನೀವೇ ಕೈ ಕೆಸರು ಮಾಡಿಕೊಳ್ಳುವವರಾದರೆ ಡಿರೈಲರ್ ಸಾಕು.

ಏರಿನಲ್ಲಿ ಎದ್ದು ನಿಂತು ಹ್ಯಾಂಡಲ್ ಎಳೆದು ತುಳಿಯುವ ಅಭ್ಯಾಸ ಇದ್ದರೆ ಬಿಡಿ. ಉದ್ದನೆಯ ಹ್ಯಾಂಡಲ್ ಕಂಬ ಬಾಗುತ್ತದೆ, ಆ ಭಾರವೆಲ್ಲ ಬುಡದ ಕೀಲಿಗೆ ಹೋಗುತ್ತದೆ. ಕೂತು, ಹಗುರ ಗೇರಿನಲ್ಲಿ, ಬೇಗ ಬೇಗ ತುಳಿಯಿರಿ.

ಟೈರು, ಬ್ರೇಕು

ಮೊದಲ ಹಣ ಟೈರಿಗೆ ಹಾಕಿ. ಸೈಕಲ್ಲಿನ ಜೊತೆ ಬಂದ ತೆಳು ಟೈರಿನ ಬದಲು ಒಳಗೆ ಪಂಕ್ಚರ್ ತಡೆಯುವ ಪಟ್ಟಿ ಇರುವ, 40ರಿಂದ 50 ಮಿಲಿಮೀಟರ್ ಅಗಲದ ಟೈರು ಹಾಕಿದರೆ ಸವಾರಿಯೇ ಬೇರೆಯಾಗುತ್ತದೆ. ಚಿಕ್ಕ ಚಕ್ರ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ ಟೈರು ಬೇಗ ಸವೆಯುತ್ತದೆ. ಹಿಂದಿನದು ಸವೆದಾಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಿ. 1.75ರ ಟೈರಿಗೆ, 70 ಕಿಲೋ ಆಸುಪಾಸಿನವರಿಗೆ 45ರಿಂದ 55 ಪಿಎಸ್ಐ ಗಾಳಿ ನಮ್ಮ ರಸ್ತೆಗೆ ಹೊಂದುತ್ತದೆ. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿಯನ್ನು ದಾಟಬೇಡಿ, ಕನಿಷ್ಠ ಮಿತಿ ಬರೆದಿದ್ದರೆ ಅದಕ್ಕಿಂತ ಕೆಳಗೂ ಇಳಿಸಬೇಡಿ. ಬೈಕಿನ ಥರದ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು, ಆದರೆ ಟ್ಯೂಬು ಚಿಕ್ಕದು, ಕ್ಷಣದಲ್ಲಿ ಒತ್ತಡ ಏರುತ್ತದೆ. ಹಿಡಿಸುವವರಿಗೆ ಮೊದಲೇ ಹೇಳಿ. ಮನೆಯಲ್ಲಿ ಮೀಟರ್ ಇರುವ ಕೈಪಂಪು ಇದ್ದರೆ ಒಳ್ಳೆಯದು.

ಪಂಕ್ಚರ್ ಆದಾಗ ಚಕ್ರ ಬಿಚ್ಚಲೇಬೇಕೆಂದಿಲ್ಲ. ನಮ್ಮ ಸೈಕಲ್ ಶಾಪಿನವರು ಮಾಡುವಂತೆ ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಬಕೆಟ್ಟಿನ ನೀರಿನಲ್ಲಿ ಗುಳ್ಳೆ ನೋಡಿ, ಅಲ್ಲೇ ಪ್ಯಾಚ್ ಹಾಕಬಹುದು. ಹಬ್ ಗೇರಿನ ಸೈಕಲ್ಲಿಗೆ ಇದು ದೊಡ್ಡ ಅನುಕೂಲ. ಪ್ಯಾಚ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ ತೆಗೆಸಿ.

ಬ್ರೇಕಿನ ವಿಷಯದಲ್ಲಿ ಮಲೆನಾಡಿನವರು ಎರಡು ಸಂಗತಿ ತಿಳಿದಿರಬೇಕು. ಒದ್ದೆ ರಿಮ್ಮಿನ ಮೇಲೆ ರಬ್ಬರ್ ಮೊದಲ ಕೆಲವು ಸುತ್ತು ಹಿಡಿಯುವುದಿಲ್ಲ. ಆದ್ದರಿಂದ ಸರ್ಕಲ್ ಬರುವ ಮುಂಚೆಯೇ ಬ್ರೇಕನ್ನು ಹಗುರಾಗಿ ತಾಗಿಸಿ ನೀರು ಒರೆಸಿಕೊಳ್ಳಿ. ಎರಡನೆಯದು, ಕೆಸರಿನ ಮರಳು ರಬ್ಬರಿನಲ್ಲಿ ಕಚ್ಚಿಕೊಂಡು ರಿಮ್ಮನ್ನು ಕೆರೆಯುತ್ತದೆ. 'ಕರ್ರ್' ಎಂಬ ಸದ್ದು ಬಂದರೆ ಪಿನ್ನಿನಿಂದ ಆ ಹರಳುಗಳನ್ನು ಕಿತ್ತು ತೆಗೆಯಿರಿ. ಇಳಿಜಾರಿನಲ್ಲಿ ಚಿಕ್ಕ ರಿಮ್ಮು ಬೇಗ ಕಾಯುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಮಡಚುವ ಸೈಕಲ್ಲಿನಲ್ಲಿ, ಅದೂ ಬ್ಯಾಗು ಹೊತ್ತು ಇಳಿಯುವ ಆಸೆ ಇಟ್ಟುಕೊಳ್ಳಬೇಡಿ. ಮಡಚಿ ಬಸ್ಸಿಗೆ ಹಾಕಿ.

ಮಳೆಗೆ ಸಜ್ಜು, ಸಾಮಾನಿಗೆ ಜಾಗ

ಎರಡೂ ಚಕ್ರಕ್ಕೆ ಪೂರ್ತಿ ಮಡ್ಗಾರ್ಡ್ ಬೇಕು, ಅಲಂಕಾರಕ್ಕಿರುವ ಗಿಡ್ಡ ಪಟ್ಟಿ ಸಾಲದು. ಟೈರಿಗೂ ಮಡ್ಗಾರ್ಡಿಗೂ ನಡುವೆ ಹತ್ತು ಮಿಲಿಮೀಟರ್ ಸಂದು ಬಿಡಿ, ಇಲ್ಲದಿದ್ದರೆ ಜೇಡಿಮಣ್ಣು ತುಂಬಿ ಚಕ್ರವೇ ನಿಲ್ಲುತ್ತದೆ. ಮುಂದಿನ ಮಡ್ಗಾರ್ಡಿನ ತುದಿಗೆ ಹಳೆಯ ಸ್ಕೂಟರ್ ಟ್ಯೂಬಿನಿಂದ ಅಂಗೈಯಗಲದ ತುಂಡು ಕತ್ತರಿಸಿ, ಎರಡು ಚಿಕ್ಕ ಬೋಲ್ಟಿನಿಂದ ಕೂಡಿಸಿ. ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲಲಿ. ಪಾದವೂ ಚೈನೂ ಎರಡೂ ಕೆಸರಿನಿಂದ ಉಳಿಯುತ್ತವೆ. ಮಡಚಿದಾಗ ರಬ್ಬರು ತಾನೇ ಬಾಗಿಕೊಳ್ಳುವುದರಿಂದ ಅಡ್ಡ ಬರುವುದಿಲ್ಲ.

ಚೈನಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ನಡೆಯುತ್ತದೆ, ಆದರೆ ಒಂದು ಜೋರು ಮಳೆಗೆ ತೊಳೆದು ಹೋಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಒದ್ದೆ ಹವೆಗೆಂದೇ ಮಾಡಿದ ದಪ್ಪ ಚೈನ್ ಎಣ್ಣೆ ಹಾಕಿ, ಹೊರಗಿನದನ್ನು ಪೂರ್ತಿ ಒರೆಸಿ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ, ಗಾಡಿಯಿಂದ ಇಳಿಸಿದ ಕಪ್ಪು ಆಯಿಲ್ ಮಡಚಿದಾಗ ಪ್ಯಾಂಟಿಗೆ ಬಳಿದುಕೊಳ್ಳುತ್ತದೆ. ಚರ್ಮದ ಸೀಟು ಹಾಕಿಸಬೇಡಿ, ಆಷಾಢ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.

ಬ್ಯಾಗನ್ನು ಹ್ಯಾಂಡಲ್ಲಿಗೆ ನೇತುಹಾಕಿದರೆ ದಿಕ್ಕು ತಪ್ಪುತ್ತದೆ. ಫ್ರೇಮಿನ ಮುಂತುದಿಯ ಪೈಪಿಗೆ ಕೂಡಿಸುವ ಬ್ರಾಕೆಟ್ ಸಿಗುತ್ತದೆ, ನಿಮ್ಮ ಫ್ರೇಮಿನಲ್ಲಿ ಅದಕ್ಕೆ ತೂತುಗಳಿದ್ದರೆ ಅದನ್ನೇ ಹಾಕಿಸಿ. ಹ್ಯಾಂಡಲ್ ತಿರುಗಿದರೂ ಬ್ಯಾಗು ತಿರುಗುವುದಿಲ್ಲ, ಸವಾರಿ ಸ್ಥಿರವಾಗಿರುತ್ತದೆ. ಹಿಂದಿನ ಕ್ಯಾರಿಯರಿನಲ್ಲಿ ಪಕ್ಕಕ್ಕೆ ಇಳಿಬಿಡುವ ಚೀಲ ಹಿಮ್ಮಡಿಗೆ ತಾಗುತ್ತದೆ, ಆದಷ್ಟು ಹಿಂದಕ್ಕೆ ಸರಿಸಿ ಕಟ್ಟಿ. ಕ್ಯಾರಿಯರಿನ ಮೇಲೆ ಎಷ್ಟು ಕಿಲೋ ಎಂದು ಅಚ್ಚಾಗಿರುತ್ತದೆ. ನಮ್ಮ ಹಳೆಯ ದೊಡ್ಡ ಸೈಕಲ್ಲಿನಲ್ಲಿ ಅಕ್ಕಿ ಮೂಟೆ ಹೇರಿದ ಹಾಗೆ ಇದರಲ್ಲಿ ಹೇರಲಾಗದು. ಡಿಸೆಂಬರ್, ಜನವರಿಯ ಮಂಜಿಗೆ ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯಲಿ. ಸೀಟಿನ ಕಂಬಕ್ಕೆ ಕಟ್ಟುವಾಗ ಕಂಬ ಪೂರ್ತಿ ಇಳಿಯಲು ಅಡ್ಡವಾಗದ ಜಾಗ ನೋಡಿ.

ಮಡಚುವ ಪೆಡಲ್ ಪ್ಲಾಸ್ಟಿಕ್ಕಿನದಾದರೆ ಮೊದಲು ಅದು ಒಡೆಯುತ್ತದೆ. ಬದಲಿಸುವಾಗ ನೆನಪಿರಲಿ, ಎಡಗಡೆಯ ಪೆಡಲಿಗೆ ಉಲ್ಟಾ ತಿರುಪು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಹ್ಯಾಂಡಲ್ ಬದಲಿಸುವವರು ಹೊಸದನ್ನು ಬಿಗಿ ಮಾಡುವ ಮುಂಚೆ ಒಮ್ಮೆ ಪೂರ್ತಿ ಮಡಚಿ, ಯಾವ ಕೇಬಲ್ಲೂ ಮುರಿದು ಬಾಗುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಬಸ್ಸಿಗೆ, ರೈಲಿಗೆ

ಮಡಚಿದ್ದು ನಡುವೆ ಬಿಚ್ಚಿಕೊಳ್ಳದಂತೆ ಎರಡು ಚಕ್ರ ಸೇರಿಸಿ ವೆಲ್ಕ್ರೋ ಪಟ್ಟಿ ಕಟ್ಟಿ, ಮೇಲೆ ದಪ್ಪ ಬಟ್ಟೆಯ ಚೀಲ ಹಾಕಿ. ದರ್ಜಿಯವರ ಹತ್ತಿರ ಟಾರ್ಪಾಲಿನಲ್ಲಿ ಹೊಲಿಸಿದರೆ ಮಳೆಗೂ ಆಯಿತು. ಚೀಲದಲ್ಲಿದ್ದರೆ ಬೇರೆಯವರ ಸೀರೆ, ಪಂಚೆಗೆ ಎಣ್ಣೆ ತಾಗುವ ಜಗಳವಿಲ್ಲ. ಬಸ್ಸಿನಲ್ಲಿ ಕಂಡಕ್ಟರನ್ನು ಮೊದಲೇ ಕೇಳಿ: "ಅಣ್ಣಾ, ಮಡಚೋ ಸೈಕಲ್ಲು, ಚೀಲದಲ್ಲಿದೆ. ಡಿಕ್ಕಿಲಿ ಇಡ್ಲಾ? ಲಗೇಜ್ ಎಷ್ಟಾಗುತ್ತೆ ಹೇಳಿ." ಡಿಕ್ಕಿಯಲ್ಲಿ ಡಿರೈಲರ್ ಇರುವ ಬಲಮಗ್ಗುಲು ಮೇಲಿರಲಿ, ಅದರ ಮೇಲೆ ಚೀಲ ಬೀಳದಂತೆ ಗೋಡೆಗೆ ಒತ್ತಿ ಇಡಿ.

ರೈಲಿನಲ್ಲಿ ಎರಡನೇ ದರ್ಜೆಗೆ 35, ಸ್ಲೀಪರ್‌ಗೆ 40 ಕಿಲೋ ಲಗೇಜು ಉಚಿತ. ಆದರೆ ಸೈಕಲ್, ಸ್ಕೂಟರುಗಳಿಗೆ ಈ ಉಚಿತ ಮಿತಿ ಅನ್ವಯಿಸುವುದಿಲ್ಲ. ಒಳಗೆ ಒಯ್ಯುವ ಪೆಟ್ಟಿಗೆಯ ಅಳತೆಯೂ 100 × 60 × 25 ಸೆಂಟಿಮೀಟರಿಗೆ ಮೀರಬಾರದು, 20 ಇಂಚಿನ ಸೈಕಲ್ ಮಡಚಿದಾಗಲೂ ಅದಕ್ಕಿಂತ ದಪ್ಪ. ಹಾಗಾಗಿ ತಾಳಗುಪ್ಪ ಕಡೆಗೋ ಬೆಂಗಳೂರು ಕಡೆಗೋ ಹೊರಡುವವರು ಸ್ಟೇಷನ್ನಿಗೆ ಸ್ವಲ್ಪ ಮುಂಚೆ ಹೋಗಿ ಲಗೇಜ್ ಕೌಂಟರಿನಲ್ಲಿ ವಿಚಾರಿಸಿ, ರಸೀದಿ ಮಾಡಿಸಿಕೊಳ್ಳಿ.

ಜೊತೆಗಿರಬೇಕಾದ್ದು

4, 5, 6 ಮಿಲಿಮೀಟರಿನ ಅಲೆನ್ ಕೀ, 15ರ ಪಾನ, ಎರಡು ಟೈರ್ ಲಿವರ್, ಒಂದು ಟ್ಯೂಬು, ಕೈಪಂಪು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಬ್ರೇಕ್ ರಬ್ಬರೂ ಕೇಬಲ್ಲೂ ನೋಡಿಸಿ. ಸೆಪ್ಟೆಂಬರ್ ಕಳೆದ ಮೇಲೆ ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬಿಸಿ. ಟೈರು ಟ್ಯೂಬು ಎಲ್ಲ ಕಡೆ ಸಿಕ್ಕರೂ ಚಕ್ರದ ಕಡ್ಡಿ ಸಿಗುವುದು ಕಷ್ಟ, ಹಬ್ಬಿಗೆ ತಕ್ಕಂತೆ ಅದರ ಉದ್ದ ಬದಲಾಗುತ್ತದೆ. ಕೊಂಡ ದಿನವೇ ಮುಂದಿನದು ಎರಡು, ಹಿಂದಿನದರ ಎರಡೂ ಬದಿಗೆ ಎರಡೆರಡು ಕಡ್ಡಿ ತರಿಸಿ, ಬಟ್ಟೆ ಸುತ್ತಿ ಸೀಟಿನ ಕಂಬದ ಪೊಳ್ಳಿನೊಳಗೆ ಇಟ್ಟು, ಕೆಳಗೆ ಬೆಂಡಿನ ಬಿರಡೆ ಒತ್ತಿಬಿಡಿ.